‘ಡಿಗ್ರಿ ಒಂದು ಆಗಲಿ, ಮತ್ತೆ ನೋಡುವ’: ಧಾರವಾಡದ ಹಳ್ಳಿಗಳಿಂದ ನಾವು ಕಲಿಯಬೇಕಾದ ಪಾಠ

ಪಿಯುಸಿ ಮುಗಿಸಿದ ಮಕ್ಕಳ ಮುಂದಿನ ದಾರಿಯ ಬಗ್ಗೆ ಮಾತು ಬಂದಾಗ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಉತ್ತರ ಒಂದೇ: ‘ಡಿಗ್ರಿ ಒಂದು ಆಗಲಿ, ಮತ್ತೆ ನೋಡುವ.’ ಘಟ್ಟದ ಮೇಲೆ ಧಾರವಾಡದ ಕಡೆ ಇದನ್ನೇ ‘ಡಿಗ್ರಿ ಮುಗೀಲಿ, ಆಮ್ಯಾಲೆ ನೋಡೂಣು’ ಅನ್ನುತ್ತಾರೆ. ಮಾತಿನ ಧಾಟಿ ಬೇರೆ, ಲೆಕ್ಕ ಒಂದೇ. ಮೊದಲ ಮೂರು ವರ್ಷ ಓದು, ಆಮೇಲೆ ಕೆಲಸದ ಯೋಚನೆ. ಈ ಲೆಕ್ಕ ಒಂದು ಕುಟುಂಬಕ್ಕೆ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಧಾರವಾಡ ಜಿಲ್ಲೆ ಕಳೆದ ಕೆಲವು ವರ್ಷಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ತೋರಿಸಿದೆ. ಅಲ್ಲಿನ ಅನುಭವವನ್ನು ನಾವು ಕರಾವಳಿಯವರು ಸ್ವಲ್ಪ ಕೂತು ಓದಿಕೊಳ್ಳಬೇಕು.

ಧಾರವಾಡ ನಮಗೆ ಅಷ್ಟೇನೂ ದೂರದ ಊರಲ್ಲ. 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಕಾಲೇಜುಗಳೂ ಇವೆ. ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳ ಪದವಿ ಪ್ರಮಾಣಪತ್ರ ಬರುವುದು ಧಾರವಾಡದಿಂದಲೇ. ಅಂಕೋಲಾ, ಯಲ್ಲಾಪುರದ ದಾರಿಯಾಗಿ ಹುಬ್ಬಳ್ಳಿಗೆ ಹೋಗುವವರು ಕಲಘಟಗಿಯನ್ನು ದಾಟಿಯೇ ಹೋಗಬೇಕು. ಹುಬ್ಬಳ್ಳಿಯಿಂದ ವಿಜಯಪುರದ ರಸ್ತೆ ಹಿಡಿದರೆ ನವಲಗುಂದ, ಗದಗದ ಕಡೆ ರೈಲು ಹತ್ತಿದರೆ ಅಣ್ಣಿಗೇರಿ, ಹಾವೇರಿಯ ಕಡೆ ಹೊರಟರೆ ಕುಂದಗೋಳ. ಈ ನಾಲ್ಕೂ ಊರುಗಳು ಹುಬ್ಬಳ್ಳಿಯಿಂದ ಸುಮಾರು 20ರಿಂದ 40 ಕಿಲೋಮೀಟರ್ ಒಳಗೇ ಇವೆ. ಈ ಲೇಖನ ಮುಖ್ಯವಾಗಿ ಈ ನಾಲ್ಕು ತಾಲೂಕುಗಳ ಹುಡುಗ-ಹುಡುಗಿಯರ ಬಗ್ಗೆ.

ವಿದ್ಯಾಕಾಶಿಯ ಅಂಗಳದಲ್ಲಿ

ಧಾರವಾಡಕ್ಕೆ ವಿದ್ಯಾಕಾಶಿ ಎಂಬ ಹೆಸರು ಸುಮ್ಮನೆ ಬಂದಿಲ್ಲ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, ಮೇಲೆ ಹೇಳಿದ ವಿಶ್ವವಿದ್ಯಾನಿಲಯ, 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯ, ಹುಬ್ಬಳ್ಳಿಯಲ್ಲಿ ರಾಜ್ಯದ ಕಾನೂನು ವಿಶ್ವವಿದ್ಯಾನಿಲಯ, 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ. ಒಂದು ಜಿಲ್ಲೆಗೆ ಇಷ್ಟು ಸಂಸ್ಥೆಗಳು ಬಂದಿರುವುದು ಅಪರೂಪ.

ಆದರೆ ಈ ಸಂಸ್ಥೆಗಳ ಗೋಡೆಯಿಂದ ಒಂದು ಗಂಟೆ ದೂರದಲ್ಲಿರುವ ಹಳ್ಳಿಯ ಚಿತ್ರ ಬೇರೆ. ನವಲಗುಂದ, ಅಣ್ಣಿಗೇರಿ ಎಂದರೆ ಎರೆ ಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ನಡುವೆ ಹತ್ತಿ, ಉಳ್ಳಾಗಡ್ಡಿ. ಕುಂದಗೋಳದಲ್ಲಿ ಮೆಣಸಿನಕಾಯಿ. ಕಲಘಟಗಿ ಮಲೆನಾಡಿನ ಸೆರಗು, ಅಲ್ಲಿ ಭತ್ತ, ಗೋವಿನಜೋಳ. ಮಳೆ ಬಂದರೆ ಬೆಳೆ, ಬೆಲೆ ಬಂದರೆ ಫೀಸು. ಅಲ್ಲಿಂದ ಬರುವ ಮಕ್ಕಳಲ್ಲಿ ಹೆಚ್ಚಿನವರು ಸೇರುವುದು ತಾಲೂಕಿನ ಸರಕಾರಿ ಪ್ರಥಮ ದರ್ಜೆ ಕಾಲೇಜಿಗೆ, ಇಲ್ಲವೇ ಬಸ್ಸಿನಲ್ಲಿ ಬಂದುಹೋಗಬಹುದಾದ ಹುಬ್ಬಳ್ಳಿ-ಧಾರವಾಡದ ಬಿ.ಎ., ಬಿ.ಕಾಂ. ತರಗತಿಗೆ. ಐಐಟಿ ಅದೇ ಜಿಲ್ಲೆಯಲ್ಲಿದ್ದರೂ ಅವರ ಪಾಲಿಗೆ ಅದು ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡ.

ಬಂಟ್ವಾಳ, ಬೆಳ್ತಂಗಡಿ, ಪುತ್ತೂರಿನ ಒಳಹಳ್ಳಿಗಳಲ್ಲಿರುವ ನಮ್ಮ ಮಕ್ಕಳ ಸ್ಥಿತಿ ಇದಕ್ಕಿಂತ ಬಹಳ ಬೇರೆಯೇನೂ ಅಲ್ಲ. ಮಂಗಳೂರಿನ ಸುತ್ತ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳು ಸಾಲಾಗಿ ಇವೆ. ನಮ್ಮಲ್ಲಿ ಬಹಳಷ್ಟು ಮಕ್ಕಳು ಕೂರುವುದು ಮಾತ್ರ ಬಿ.ಕಾಂ., ಬಿ.ಎ. ತರಗತಿಯಲ್ಲೇ.

ಪದವಿಯ ನಂತರದ ರೂಮು

ಪದವಿ ಮುಗಿಸಿದ ನವಲಗುಂದದ ಹುಡುಗ ಏನು ಮಾಡುತ್ತಾನೆ? ಧಾರವಾಡದಲ್ಲಿ ಒಂದು ರೂಮು ಹಿಡಿಯುತ್ತಾನೆ. ಸಪ್ತಾಪುರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಸೆಂಟರ್‌ಗಳು ಒತ್ತೊತ್ತಾಗಿವೆ. ಪಿಡಿಒ, ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಕಾನ್‌ಸ್ಟೇಬಲ್, ಕೆಎಎಸ್, ಶಿಕ್ಷಕ ಹುದ್ದೆ, ಹೀಗೆ ಒಂದೊಂದಕ್ಕೂ ತರಬೇತಿ, ಪುಸ್ತಕದ ಅಂಗಡಿ, ಮೆಸ್, ಓದುವುದಕ್ಕೆ ತಿಂಗಳ ಬಾಡಿಗೆಯ ಕುರ್ಚಿ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ಮಕ್ಕಳು ಅಲ್ಲಿ ಸೇರುತ್ತಾರೆ. ಹಳ್ಳಿಯಿಂದ ರೊಟ್ಟಿಯ ಬುತ್ತಿ ಬಸ್ಸಿನಲ್ಲಿ ಬರುವ ಪದ್ಧತಿ ಆ ಕಡೆ ಹಳೆಯದು. ಆ ಬುತ್ತಿಯ ಹಿಂದೆ ಅವ್ವನ ಬೆಳಗಿನ ನಾಲ್ಕು ಗಂಟೆಯ ದುಡಿಮೆಯಿದೆ, ಅಪ್ಪನ ಸಾಲ ಇದೆ.

ಸರಕಾರಿ ನೌಕರಿಯ ಆಸೆ ತಪ್ಪಲ್ಲ. ಖಾಸಗಿ ಕೆಲಸ ಕಡಿಮೆ ಇರುವ, ಜಮೀನು ನಂಬಿಕೆಗೆ ಸಾಲದ ಪ್ರದೇಶದಲ್ಲಿ ಒಂದು ಸರಕಾರಿ ಹುದ್ದೆ ಇಡೀ ಮನೆಯನ್ನು ಎತ್ತಿ ನಿಲ್ಲಿಸುತ್ತದೆ. ಕೊಪ್ಪಳ ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯ ಮೀಸಲಾತಿ ಇದೆ, ಧಾರವಾಡ ಜಿಲ್ಲೆಗೆ ಅದಿಲ್ಲ. ಹಾಗಾಗಿ ಸ್ಪರ್ಧೆ ಇನ್ನೂ ಬಿಗಿ.

ತೊಂದರೆ ಇರುವುದು ಈ ದಾರಿಯ ಕಾಲದ ಲೆಕ್ಕದಲ್ಲಿ. ಕಳೆದ ಕೆಲವು ವರ್ಷಗಳ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಯಿತು. 2022ರ ಎಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದಲ್ಲಿ ತಪ್ಪುಗಳಿದ್ದುದರಿಂದ ಡಿಸೆಂಬರ್ 29ರಂದು ಅದನ್ನು ಮತ್ತೆ ನಡೆಸಬೇಕಾಯಿತು. ನಡುವೆ, 2024ರ ಅಕ್ಟೋಬರ್ 28ರಂದು ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಬಗ್ಗೆ ಆಯೋಗ ರಚಿಸಲು ತೀರ್ಮಾನಿಸಿ, ಅದರ ವರದಿ ಬರುವ ತನಕ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದಿಲ್ಲ ಎಂದಿತು. ನ್ಯಾ. ನಾಗಮೋಹನ್ ದಾಸ್ ಆಯೋಗದ ವರದಿ ಬಂದದ್ದು 2025ರ ಆಗಸ್ಟ್ 4ರಂದು. ಸಂಪುಟದ ತೀರ್ಮಾನ ಆಗಸ್ಟ್ 19ರಂದು. ಮೂರು ತಿಂಗಳು ಅಂದದ್ದು ಸುಮಾರು ಹತ್ತು ತಿಂಗಳಾಯಿತು.

ಒಳಮೀಸಲಾತಿ ದಶಕಗಳ ಹೋರಾಟದ ಫಲ, ಅದರ ನ್ಯಾಯದ ಬಗ್ಗೆ ನಮಗೆ ತಕರಾರಿಲ್ಲ. ನಾವು ಹೇಳುತ್ತಿರುವುದು ಕಾದು ಕೂತವರ ಲೆಕ್ಕ. ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. 2020ರಲ್ಲಿ, 21ನೇ ವಯಸ್ಸಿಗೆ ಪದವಿ ಮುಗಿಸಿದ. ಪಿಎಸ್‌ಐ ಪರೀಕ್ಷೆ ಬರೆದ, ರದ್ದಾಯಿತು. ಮತ್ತೆ ಓದಿದ, ಮತ್ತೆ ಬರೆದ. ಸಿಗದಿದ್ದಾಗ ಮುಂದಿನ ಅಧಿಸೂಚನೆಗೆ ಕಾದ, ಅದು ನಿಂತುಹೋಯಿತು. 2025ರ ಆಗಸ್ಟ್‌ಗೆ ಅವನ ವಯಸ್ಸು 26. ಕೈಯಲ್ಲಿ ಬಿ.ಎ. ಪದವಿ, ಮೇಲೆ ಐದು ವರ್ಷದ ರೂಮಿನ ಬಾಡಿಗೆ. ಬೇರೆ ಕೆಲಸಕ್ಕೆ ಹೋದರೆ ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಎಂಬ ಪ್ರಶ್ನೆಗೆ ತೋರಿಸಲು ಒಂದು ಕಾಗದವೂ ಇಲ್ಲ.

2025ರಲ್ಲಿ ಉದ್ಯೋಗಾಕಾಂಕ್ಷಿಗಳು ಸಾವಿರಾರು ಸಂಖ್ಯೆಯಲ್ಲಿ ಧಾರವಾಡದ ಬೀದಿಗಿಳಿದದ್ದು ಈ ಸಿಟ್ಟಿನಿಂದಲೇ. ಖಾಲಿ ಹುದ್ದೆ ತುಂಬಿ, ವಯೋಮಿತಿ ಸಡಿಲಿಸಿ ಎಂಬುದು ಅವರ ಬೇಡಿಕೆ. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಒಂದು ಮಾತನ್ನು ಮನೆಯವರು ಗಮನಿಸಬೇಕು. ರಾಜ್ಯದ ಬಹುತೇಕ ಹುದ್ದೆಗಳಿಗೆ 2ಬಿ ಸೇರಿದಂತೆ ಹಿಂದುಳಿದ ವರ್ಗದವರಿಗೆ ಸಾಮಾನ್ಯ ನಿಯಮದಲ್ಲಿ 38 ವರ್ಷದ ತನಕ ಅವಕಾಶ ಇದೆ. ಇದನ್ನು ನಾವು ಸೌಲಭ್ಯ ಅಂದುಕೊಳ್ಳುತ್ತೇವೆ. ಅದು ಸೌಲಭ್ಯವೂ ಹೌದು, ಬಲೆಯೂ ಹೌದು. ‘ಇನ್ನೂ ವಯಸ್ಸಿದೆ’ ಅನ್ನುವ ಒಂದೇ ಮಾತಿನಲ್ಲಿ ಇಪ್ಪತ್ತರ ಹರೆಯ ಪೂರ್ತಿ ಕಳೆದುಹೋಗಬಹುದು. ಸರಕಾರ ಹಾಕಿದ ಮಿತಿ ಅರ್ಜಿ ಹಾಕುವುದಕ್ಕೆ. ಕಾಯುವುದಕ್ಕೆ ಮಿತಿ ಹಾಕಬೇಕಾದವರು ನಾವೇ.

ನಮ್ಮ ಸರದಿ ಸಾಲು

ಇದನ್ನು ಓದುವಾಗ ನಮ್ಮಲ್ಲಿ ಕೆಲವರಿಗೆ ‘ನಮ್ಮ ಮಕ್ಕಳು ಕೋಚಿಂಗ್‌ಗೆ ಹೋಗುವುದೇ ಇಲ್ಲವಲ್ಲ’ ಅನಿಸಬಹುದು. ನಿಜ. ಬ್ಯಾರಿ ಮನೆಗಳ ಸರದಿ ಸಾಲು ಬೇರೆ. ಧಾರವಾಡದ ಹುಡುಗ ಅಧಿಸೂಚನೆಗೆ ಕಾದರೆ ನಮ್ಮ ಹುಡುಗ ವೀಸಾಕ್ಕೆ ಕಾಯುತ್ತಾನೆ. ಅವನ ಮನೆಯಲ್ಲಿ ಪದವಿ ಅರ್ಜಿ ಹಾಕುವ ಅರ್ಹತೆ, ನಮ್ಮ ಮನೆಯಲ್ಲಿ ಅದು ಪಾಸ್‌ಪೋರ್ಟ್ ಬರುವ ತನಕದ ವೇಳೆ. ಎರಡೂ ಕಡೆ ಕಾಲೇಜಿನ ಮೂರು ವರ್ಷ ಅನ್ನುವುದು ದಾಟಿಹೋಗಬೇಕಾದ ಸೇತುವೆ ಮಾತ್ರ.

ನಮ್ಮ ಸಾಲೂ ಒಡೆದು ಹೋದದ್ದನ್ನು ನಾವು ಕಂಡಿದ್ದೇವೆ. 2011ರಲ್ಲಿ ಸೌದಿ ಅರೇಬಿಯ ನಿತಾಖತ್ ತಂದಾಗ, 2017ರ ಜುಲೈಯಿಂದ ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿ ವರ್ಷ ವರ್ಷ ಏರಿಸಿದಾಗ, 2020ರ ಕೊರೋನ ಕಾಲದಲ್ಲಿ, ಎಷ್ಟು ಕುಟುಂಬಗಳು ಸೂಟ್‌ಕೇಸ್ ಕಟ್ಟಿಕೊಂಡು ಬಂದವು ಎಂಬುದು ಪ್ರತೀ ಮಸೀದಿ ಜಮಾಅತ್‌ಗೂ ಗೊತ್ತಿದೆ. ಹೋದವರಲ್ಲೂ ಅಕೌಂಟೆನ್ಸಿ ಸರಿಯಾಗಿ ಕಲಿತವನು, ಸೇಫ್ಟಿ ಕೋರ್ಸ್ ಮಾಡಿದವನು, ನರ್ಸಿಂಗ್ ಓದಿದವಳು ನಿಂತರು. ಬರೀ ‘ಡಿಗ್ರಿ ಹೋಲ್ಡರ್’ ಆಗಿ ಹೋದವನು ಮೊದಲು ಬಂದ. ಅಧಿಸೂಚನೆ ವಿಧಾನಸೌಧದ ಕೈಯಲ್ಲಿದೆ, ವೀಸಾ ಇನ್ನೊಂದು ದೇಶದ ಕೈಯಲ್ಲಿದೆ. ನಮ್ಮ ಕೈಯಲ್ಲಿರುವುದು ಆರು ಸೆಮಿಸ್ಟರ್ ಮಾತ್ರ.

ಆರು ಸೆಮಿಸ್ಟರ್‌ಗಳಲ್ಲಿ ಏನು ಮಾಡಬಹುದು?

ಮೊದಲಿಗೆ, ಪದವಿಯ ಸ್ವರೂಪವನ್ನೇ ತಿಳಿದುಕೊಳ್ಳಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಪದವಿಗೆ ಜಾರಿ ಮಾಡಿತು, ನಾಲ್ಕು ವರ್ಷದ ಆನರ್ಸ್ ಬಂತು. 2024ರಲ್ಲಿ ರಾಜ್ಯ ಸರಕಾರ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಒಂದೇ ಮನೆಯ ಅಕ್ಕ ಒಂದು ಪದ್ಧತಿಯಲ್ಲಿ, ತಮ್ಮ ಇನ್ನೊಂದರಲ್ಲಿ ಓದಿರುವ ಕಾಲ ಇದು. ಹಾಗಾಗಿ ‘ಅಕ್ಕ ತಗೊಂಡ ವಿಷಯವನ್ನೇ ತಗೋ’ ಎಂಬ ಸಲಹೆ ಈಗ ನಡೆಯುವುದಿಲ್ಲ. ಬಿ.ಎ.ಯಲ್ಲಿ ಯಾವ ಐಚ್ಛಿಕ ವಿಷಯಗಳನ್ನು ತೆಗೆದುಕೊಂಡಿರಿ ಎಂಬುದರ ಮೇಲೆ ಮುಂದೆ ಬಿ.ಇಡಿ.ಯಲ್ಲಿ ಯಾವ ವಿಷಯ ಬೋಧಿಸಬಹುದು, ಯಾವ ಶಿಕ್ಷಕ ಹುದ್ದೆಗೆ ಅರ್ಜಿ ಹಾಕಬಹುದು, ಯಾವ ಎಂ.ಎ.ಗೆ ಸೇರಬಹುದು ಎಂಬುದು ನಿಂತಿದೆ. ಪ್ರವೇಶದ ದಿನ ಕೌಂಟರ್‌ನಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನವಾಗುವ ವಿಷಯ ಹತ್ತು ವರ್ಷದ ದಾರಿಯನ್ನು ಬದಲಿಸುತ್ತದೆ. ಆ ಹತ್ತು ನಿಮಿಷಕ್ಕೆ ಮುಂಚೆ ಒಂದು ವಾರ ವಿಚಾರಿಸಿದರೆ ನಷ್ಟವೇನೂ ಇಲ್ಲ.

ಎರಡನೆಯದು, ಕಾಗದಪತ್ರ. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಅರ್ಹ ಮಕ್ಕಳು ಬೀಳುವುದೇ ಇಲ್ಲಿ. ಒಂದರಿಂದ ಹತ್ತನೇ ತರಗತಿಯ ತನಕ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಶೇ. 25 ಮೀಸಲಾತಿ ಇದೆ. ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಅಣ್ಣಿಗೇರಿಯ ಹಳ್ಳಿಯ ಹುಡುಗನಿಗೆ ಸಿಗುವ ಈ ಲಾಭ ಬೆಳ್ತಂಗಡಿಯ ಹಳ್ಳಿಯ ನಮ್ಮ ಹುಡುಗಿಗೂ ಸಿಗುತ್ತದೆ. ಅದಕ್ಕೆ ಓದಿದ ಶಾಲೆಯ ಪ್ರಮಾಣಪತ್ರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಎರಡು-ಮೂರು ಶಾಲೆ ಬದಲಿಸಿದ್ದರೆ ಅಷ್ಟೂ ಕಡೆ ಹೋಗಬೇಕು. ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಆಗಿನ ಸರಕಾರ ರದ್ದು ಮಾಡಿತ್ತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಆ ಆದೇಶವನ್ನು ಸದ್ಯ ಜಾರಿ ಮಾಡುವುದಿಲ್ಲ ಎಂದು ಸರಕಾರವೇ ಹೇಳಿದ್ದರಿಂದ ಹಿಂದಿನ ವ್ಯವಸ್ಥೆ ಮುಂದುವರಿದಿದೆ. ಇದರ ಜಾತಿ-ಆದಾಯ ಪ್ರಮಾಣಪತ್ರ ಅರ್ಜಿಯ ಕೊನೆಯ ದಿನದೊಳಗೆ ಕೈಯಲ್ಲಿರಬೇಕು. ಅಧಿಸೂಚನೆ ಬಂದ ಮೇಲೆ ನಾಡಕಚೇರಿಗೆ ಓಡುವ ಬದಲು ಎರಡನೇ ವರ್ಷದ ರಜೆಯಲ್ಲೇ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಬೇಕು. ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ‘ಮೊಹಮ್ಮದ್’ ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ, ಮತ್ತೊಂದರಲ್ಲಿ ಇಲ್ಲವೇ ಇಲ್ಲ ಎಂಬುದು ನಮ್ಮ ಮನೆಗಳ ಹಳೆಯ ರೋಗ. ಗಲ್ಫ್‌ಗೆ ಹೋಗುವವರಿಗೂ ಪದವಿ ಪ್ರಮಾಣಪತ್ರ ದೃಢೀಕರಣದ ಹೊತ್ತಿಗೆ ಇದೇ ರೋಗ ಕಾಡುತ್ತದೆ.

ಮೂರನೆಯದು, ಪರೀಕ್ಷೆಗಳ ಪಟ್ಟಿಯನ್ನು ಹಿಗ್ಗಿಸುವುದು. ಧಾರವಾಡದ ರೂಮಿನಲ್ಲಿರುವವರ ಕಣ್ಣು ಹೆಚ್ಚಾಗಿ ರಾಜ್ಯದ ಹುದ್ದೆಗಳ ಮೇಲೆ. ಕೇಂದ್ರದ ಹುದ್ದೆ ಎಂದರೆ ಹಿಂದಿ-ಇಂಗ್ಲಿಷ್ ಎಂಬ ಹೆದರಿಕೆ. ಈ ಹೆದರಿಕೆ ಈಗ ಮೊದಲಿನಷ್ಟು ಬೇಕಾಗಿಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಿಂದ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಧಾರವಾಡದಲ್ಲೇ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಇನ್ನೊಂದು ಗ್ರಾಮೀಣ ಬ್ಯಾಂಕಿನ ಜೊತೆ ವಿಲೀನವಾಗಿ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅಲ್ಲಿನ ಗುಮಾಸ್ತ ಹುದ್ದೆಗೆ ಸಾಮಾನ್ಯ ವಯೋಮಿತಿ 28. ರಾಜ್ಯದ 38ನ್ನು ನಂಬಿ ಕೂತವರಿಗೆ ಬ್ಯಾಂಕಿನ 28 ಎಂದು ದಾಟಿತು ಎಂದೇ ತಿಳಿಯುವುದಿಲ್ಲ. ಈ ಪರೀಕ್ಷೆಗಳ ಗಣಿತ, ತಾರ್ಕಿಕ ಪ್ರಶ್ನೆಗಳ ಅಭ್ಯಾಸ ಮೊದಲ ವರ್ಷದಿಂದಲೇ ದಿನಕ್ಕೆ ಒಂದು ಗಂಟೆ ಮಾಡಬಹುದಾದದ್ದು. ಅದಕ್ಕೆ ರೂಮೂ ಬೇಡ, ಸಪ್ತಾಪುರವೂ ಬೇಡ. ಗ್ರಾಮ ಪಂಚಾಯತ್‌ನ ಅರಿವು ಕೇಂದ್ರದಲ್ಲಿ, ಅಂದರೆ ಹಳೆಯ ಪಂಚಾಯತ್ ಗ್ರಂಥಾಲಯದಲ್ಲಿ, ಕೂತರೂ ಸಾಕು.

ನಾಲ್ಕನೆಯದು ಮತ್ತು ನಮ್ಮ ಪ್ರಕಾರ ಮುಖ್ಯವಾದದ್ದು: ಪರೀಕ್ಷೆಯ ಜೊತೆಗೆ ಕೈಗೊಂದು ಕೆಲಸ. ಒಂದು ಕಾಲು ಪರೀಕ್ಷೆಯ ಮೇಲೆ ಇದ್ದರೆ ಇನ್ನೊಂದು ಕಾಲು ಕಸುಬಿನ ಮೇಲೆ ಇರಬೇಕು. ಬಿ.ಕಾಂ. ಓದುವವರು ಜಿಎಸ್‌ಟಿ ರಿಟರ್ನ್ಸ್ ತುಂಬುವುದು, ಟ್ಯಾಲಿಯಲ್ಲಿ ಲೆಕ್ಕ ಇಡುವುದು ಕಲಿಯಲಿ. ಕಲಿಯುವುದಕ್ಕೆ ಸರ್ಟಿಫಿಕೇಟ್ ಕೋರ್ಸ್‌ಗಿಂತ ಒಬ್ಬ ಆಡಿಟರ್ ಕಚೇರಿಯ ರಜಾ ದಿನದ ಕೆಲಸ ಹೆಚ್ಚು ಉಪಯೋಗ. ಬಿ.ಎ. ಓದುವವರು ಕನ್ನಡ-ಇಂಗ್ಲಿಷ್ ಎರಡರಲ್ಲೂ ವೇಗವಾಗಿ ಟೈಪ್ ಮಾಡುವುದು, ಅನುವಾದ, ಡಿಟಿಪಿ ಕಲಿಯಲಿ. ಪದವಿ ಮುಗಿದ ಕೂಡಲೇ 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷದ ತರಬೇತಿಗೆ ಸೇರಬಹುದು. ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು 2019ರಲ್ಲೇ ನಿಗದಿಯಾಗಿತ್ತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರಕಾರ ಭರಿಸುತ್ತದೆ. ಹಣ ದೊಡ್ಡದಲ್ಲ, ಆದರೆ ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಎಂಬ ಪ್ರಶ್ನೆಗೆ ಅದು ಉತ್ತರ.

ಧಾರವಾಡದ ಹಳ್ಳಿಗಳಲ್ಲೇ ಇಂಥ ಕಸುಬಿಗೆ ಜಾಗ ಇದೆ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ದೊಡ್ಡ ಮಾರುಕಟ್ಟೆ. ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯ ಮಗ ಬೆಳೆಯ ಗ್ರೇಡಿಂಗ್, ದಾಸ್ತಾನು, ಬೆಲೆಯ ಏರಿಳಿತ ಕಲಿತರೆ ಅಪ್ಪನ ಬೆಳೆಗೇ ಹೆಚ್ಚು ಬೆಲೆ ತರಬಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳಿವೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಕಲಘಟಗಿಯ ಬಣ್ಣದ ಮರದ ತೊಟ್ಟಿಲಿಗೆ ದೂರದೂರುಗಳಲ್ಲಿ ಹೆಸರಿದೆ. ನವಲಗುಂದದ ಜಮಖಾನಕ್ಕೆ ಜಿಐ ಮಾನ್ಯತೆ ಇದೆ. ಅದನ್ನು ಮಗ್ಗದಲ್ಲಿ ನೇಯುತ್ತಾ ಬಂದವರು ಅಲ್ಲಿನ ಮುಸ್ಲಿಮ್ ಹೆಣ್ಣುಮಕ್ಕಳು, ಈಗ ಉಳಿದಿರುವ ನೇಕಾರರು ಕೆಲವೇ ಮಂದಿ. ಒಂದು ಜಮಖಾನ ನೇಯಲು ಹಲವು ದಿನ ಬೇಕು, ಕೈಗೆ ಬರುವ ಕೂಲಿ ಕಡಿಮೆ. ನೇಕಾರರ ಮನೆಯಲ್ಲೇ ಬಿ.ಕಾಂ. ಓದುವ ಮಗಳಿದ್ದರೆ, ಕಾಲೇಜಿನ ಇಂಟರ್ನ್‌ಶಿಪ್ಪನ್ನು ಎಲ್ಲೋ ಕಾಗದದ ಮೇಲೆ ಮುಗಿಸುವ ಬದಲು ಜಮಖಾನದ ವೆಚ್ಚ, ಬೆಲೆ, ಆನ್‌ಲೈನ್ ಮಾರಾಟದ ಮೇಲೆ ಮಾಡಿದರೆ ಓದೂ ಆಯಿತು, ಮನೆಯ ಕಸುಬಿಗೂ ಬಲ ಬಂತು. ನಮ್ಮ ಕಡೆ ಬೀಡಿ, ಮೀನು, ಅಡಿಕೆ, ಮರದ ವ್ಯಾಪಾರದ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಹೆಣ್ಣುಮಕ್ಕಳಿಗೆ ಸಮಯ ಇನ್ನೂ ಕಡಿಮೆ

ಹುಡುಗನಿಗೆ ಪದವಿಯ ನಂತರ ಧಾರವಾಡದಲ್ಲಿ ರೂಮು ಮಾಡಿಕೊಡುವ ಮನೆ ಹುಡುಗಿಗೆ ಮಾಡಿಕೊಡುವುದು ಅಪರೂಪ. ಪದವಿ ಮುಗಿದ ವರ್ಷವೇ ಮದುವೆಯ ಮಾತು ಬರುತ್ತದೆ. ಕುಂದಗೋಳದಲ್ಲೂ ಹೀಗೆ, ಕೃಷ್ಣಾಪುರದಲ್ಲೂ ಹೀಗೆ. ಹಾಗಾಗಿ ‘ಆಮೇಲೆ’ ಎಂಬುದು ಅವಳ ಪಾಲಿಗೆ ಬಾರದೇ ಹೋಗಬಹುದು. ಅವಳ ಕೈಯಲ್ಲಿರುವುದು ಕಾಲೇಜಿನ ಮೂರು ವರ್ಷ ಮಾತ್ರ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಈ ವಿಷಯದಲ್ಲಿ ದೊಡ್ಡ ಸಹಾಯ. ಸರಕಾರಿ ಬಸ್ಸು ಹೆಚ್ಚಿರುವ ಧಾರವಾಡ ಜಿಲ್ಲೆಯಲ್ಲಿ ಹಳ್ಳಿಯ ಹುಡುಗಿ ಹಣ ಕೊಡದೆ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೋ ತರಬೇತಿಗೋ ಹೋಗಿ ಸಂಜೆ ಮನೆಗೆ ಬರಬಹುದು. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಈ ಲಾಭ ಅಷ್ಟು ಸಿಗುತ್ತಿಲ್ಲ. ನಾವು ಧ್ವನಿ ಎತ್ತಬೇಕಾದ ವಿಷಯಗಳಲ್ಲಿ ಇದೂ ಒಂದು. ಮನೆಯವರು ಮಾಡಬಹುದಾದದ್ದು ಇಷ್ಟು: ಮಗಳ ಬಿ.ಇಡಿ., ಎಂ.ಕಾಂ. ಅಥವಾ ಬ್ಯಾಂಕ್ ಪರೀಕ್ಷೆಯ ತೀರ್ಮಾನವನ್ನು ಐದನೇ ಸೆಮಿಸ್ಟರ್‌ಗೇ ಮಾಡಿ, ಸಂಬಂಧದ ಮಾತು ಬಂದಾಗ ಅದನ್ನೂ ಮುಂದಿಟ್ಟು ಮಾತಾಡುವುದು. ಓದು ಮುಂದುವರಿಯಬೇಕು ಎಂಬ ಮಾತನ್ನು ನಿಕಾಹ್‌ಗೆ ಮೊದಲೇ ಹೇಳುವುದರಲ್ಲಿ ಮುಜುಗರ ಯಾಕೆ?

ಸರಕಾರ ಮತ್ತು ಕಾಲೇಜು ಮಾಡಬೇಕಾದದ್ದು

ಎಲ್ಲ ಹೊಣೆಯನ್ನೂ ಮಕ್ಕಳ ಮೇಲೆ, ಮನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಪರೀಕ್ಷೆ ನಡೆಸುವುದು ಸರಕಾರದ ಕೆಲಸ. ವರ್ಷದ ಆರಂಭದಲ್ಲೇ ಯಾವ ತಿಂಗಳಲ್ಲಿ ಯಾವ ಹುದ್ದೆಗೆ ಅಧಿಸೂಚನೆ, ಯಾವಾಗ ಪರೀಕ್ಷೆ, ಯಾವಾಗ ಫಲಿತಾಂಶ ಎಂಬ ವೇಳಾಪಟ್ಟಿ ಪ್ರಕಟಿಸಿ ಅದರಂತೆ ನಡೆದರೆ ಧಾರವಾಡದ ಅರ್ಧ ರೂಮುಗಳ ಸಂಕಟ ಇಳಿಯುತ್ತದೆ. ಕಾಯುವುದಕ್ಕಿಂತ ಹೆಚ್ಚು ಹಿಂಸೆ ಎಷ್ಟು ದಿನ ಕಾಯಬೇಕು ಎಂದು ಗೊತ್ತಿಲ್ಲದಿರುವುದು.

ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಸಿಗುತ್ತದೆ, ಗರಿಷ್ಠ ಎರಡು ವರ್ಷ. ಅರ್ಹರು ಖಂಡಿತ ಅರ್ಜಿ ಹಾಕಬೇಕು. ಆದರೆ ಅದನ್ನು ರೂಮಿನ ಬಾಡಿಗೆ ಎಂದು ಲೆಕ್ಕ ಹಾಕಿದರೆ ಎರಡು ವರ್ಷದ ಕೊನೆಗೆ ಮತ್ತೆ ಅದೇ ಜಾಗ. ಅದನ್ನು ಕಸುಬಿನ ಕಲಿಕೆಗೆ ಹಾಕಿದರೆ ಮಾತ್ರ ಉಳಿಯುತ್ತದೆ.

ವಿದ್ಯಾರ್ಥಿವೇತನದ ಕಡೆ ನಮ್ಮ ಸಮುದಾಯಕ್ಕೆ ಹೊಡೆತ ಬಿದ್ದಿದೆ. ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೊಶಿಪ್‌ನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದೇ ವರ್ಷ ಒಂದರಿಂದ ಎಂಟನೇ ತರಗತಿಯ ಮಕ್ಕಳ ವಿದ್ಯಾರ್ಥಿವೇತನವೂ ನಿಂತಿತು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ, ಆದರೆ ಅದು ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸ್ ಸೇರುವವರಿಗೆ. ಸಾಮಾನ್ಯ ಬಿ.ಎ., ಬಿ.ಕಾಂ. ಓದುವ ಹಳ್ಳಿಯ ಮಗು ನಡುವೆ ಬಿದ್ದುಹೋಗುತ್ತದೆ. ಆ ಮಗುವಿಗೆ ಬೇಕಾಗಿರುವುದು ದೊಡ್ಡ ಸಾಲವಲ್ಲ, ಒಂದು ಕಂಪ್ಯೂಟರ್, ಪರೀಕ್ಷಾ ಶುಲ್ಕ, ಬಸ್ಸಿನ ಖರ್ಚು, ಜೊತೆಗೆ ದಾರಿ ಹೇಳುವ ಒಬ್ಬ ಹಿರಿಯ.

ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸೆಲ್ ಎಂಬ ಬೋರ್ಡು ಇದೆ. ಅದರ ಬಾಗಿಲು ತೆರೆಯುವುದು ಹೆಚ್ಚಾಗಿ ಕೊನೆಯ ಸೆಮಿಸ್ಟರ್‌ನಲ್ಲಿ. ಮೊದಲ ವರ್ಷದ ಮಕ್ಕಳಿಗೇ ತಿಂಗಳಿಗೊಮ್ಮೆ ಊರಿನ ಬ್ಯಾಂಕ್ ಮ್ಯಾನೇಜರ್, ಪಿಡಿಒ, ಆಡಿಟರ್, ನರ್ಸ್, ಸಣ್ಣ ಉದ್ಯಮಿಯನ್ನು ಕರೆಸಿ ಮಾತಾಡಿಸಿದರೆ ಖರ್ಚು ಒಂದು ಚಹಾ. ತಾಲೂಕಿನ ಕಾಲೇಜಿಗೆ ಈ ಕೆಲಸ ಮಾಡಲು ಯಾರ ಅನುಮತಿಯೂ ಬೇಡ.

ಮನೆಯೊಳಗಿನ ಲೆಕ್ಕ

ಕೊನೆಗೆ ನಮ್ಮ ಮನೆಗಳ ಮಾತು. ಮಗ ಅಥವಾ ಮಗಳು ಎರಡನೇ ವರ್ಷಕ್ಕೆ ಕಾಲಿಟ್ಟಾಗ ಉಮ್ಮ, ಬಾಪ ಇಬ್ಬರೂ ಕೂತು ಮೂರು ಪ್ರಶ್ನೆ ಕೇಳಿ. ಯಾವ ದಾರಿಗೆ ಹೋಗುವ ಮನಸ್ಸಿದೆ? ಆ ದಾರಿ ಮುಚ್ಚಿದರೆ ಕೈಯಲ್ಲಿ ಯಾವ ಕೆಲಸ ಇರುತ್ತದೆ? ಪದವಿಯ ನಂತರ ಎಷ್ಟು ವರ್ಷ, ಎಷ್ಟು ಹಣದ ತನಕ ಮನೆ ಜೊತೆಗೆ ನಿಲ್ಲುತ್ತದೆ? ಮೂರನೆಯ ಪ್ರಶ್ನೆ ಕೇಳಲು ಕಷ್ಟ, ಆದರೆ ಅದನ್ನು ಕೇಳದಿದ್ದಕ್ಕೇ ಎಷ್ಟೋ ಮನೆಗಳಲ್ಲಿ ಐದು ವರ್ಷದ ನಂತರ ಜಗಳ ಆಗುತ್ತದೆ. ‘ಎರಡು ವರ್ಷ ಓದು, ನಾವಿದ್ದೇವೆ. ಜೊತೆಗೆ ವಾರಕ್ಕೆ ಎರಡು ದಿನ ಕೆಲಸ ಮಾಡು. ಆಮೇಲೂ ಪರೀಕ್ಷೆ ಬರಿ, ಆದರೆ ಸಂಬಳದ ಕೆಲಸದಲ್ಲಿದ್ದುಕೊಂಡು ಬರಿ’ ಎಂದು ಮೊದಲೇ ಹೇಳಿದರೆ ಮಕ್ಕಳಿಗೂ ದಾರಿ ಸ್ಪಷ್ಟ, ಮನೆಗೂ ನೆಮ್ಮದಿ.

ಜಮಾಅತ್ ಕಮಿಟಿಗಳು ವರ್ಷಕ್ಕೊಮ್ಮೆ ಎಸೆಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತವೆ. ಒಳ್ಳೆಯದೇ. ಆದರೆ ಶೇ. 55 ಪಡೆದು ಬಿ.ಎ. ಸೇರಿದ ಮಗು ಆ ವೇದಿಕೆಯ ಹತ್ತಿರವೂ ಬರುವುದಿಲ್ಲ, ದಾರಿ ಹೆಚ್ಚು ಬೇಕಾಗಿರುವುದು ಅದಕ್ಕೇ. ಸನ್ಮಾನದ ಮರುದಿನ ಅದೇ ಹಾಲ್‌ನಲ್ಲಿ ಪದವಿಯ ಮೊದಲ ವರ್ಷದ ಮಕ್ಕಳನ್ನು ಕರೆದು, ಪ್ರಮಾಣಪತ್ರದ ಫೈಲು ತಯಾರಿಸಲು ಸಹಾಯ ಮಾಡಿ, ಊರಿನಲ್ಲಿ ಕೆಲಸದಲ್ಲಿರುವ ಹಿರಿಯರೊಬ್ಬರನ್ನು ಒಬ್ಬೊಬ್ಬರಿಗೂ ಜೊತೆ ಮಾಡಿಕೊಟ್ಟರೆ ಅದು ಮೂರು ವರ್ಷದ ನಂತರ ಫಲ ಕೊಡುತ್ತದೆ.

ಹೆಸರು ಬಿತ್ತುವವರು ಮಳೆ ಬಂದ ಮೇಲೆ ಬೀಜ ಹುಡುಕಲು ಹೊರಡುವುದಿಲ್ಲ. ಮಳೆಗೆ ಮೊದಲೇ ಹೊಲ ಹದ ಮಾಡಿ, ಬೀಜ ತಂದು ಇಟ್ಟಿರುತ್ತಾರೆ. ಮಳೆ ತಡವಾದರೆ ಯಾವ ಬೆಳೆ ಹಾಕಬೇಕು ಎಂಬುದನ್ನೂ ಯೋಚಿಸಿರುತ್ತಾರೆ. ನವಲಗುಂದದ ರೈತ ತನ್ನ ಹೊಲಕ್ಕೆ ಕೊಡುವ ಈ ಯೋಚನೆಯನ್ನು ನಾವೆಲ್ಲರೂ ಮಕ್ಕಳ ಮೂರು ವರ್ಷಕ್ಕೂ ಕೊಡಬೇಕು. ಈ ವರ್ಷ ಕಾಲೇಜು ಸೇರುವ ಮಗು ಮನೆಯಲ್ಲಿದ್ದರೆ ಮಾತು ಈ ವಾರವೇ ಆರಂಭವಾಗಲಿ.